ಹಲ್ಲಿನ ಬೇರಿಗೆ ಇಡುವ ಸುಣ್ಣ, ಅದಕ್ಕೆ ಬಗ್ಗದ ಯೀಸ್ಟ್: ಪದೇ ಪದೇ ಕೇಳುವ ಪ್ರಶ್ನೆಗಳು

ರೂಟ್ ಕೆನಾಲ್ ಅರ್ಧಕ್ಕೆ ಬಂದಾಗ ಹಲ್ಲಿನೊಳಗೆ ಒಂದು ಬಿಳಿ ಔಷಧ ತುಂಬಿ, ಮೇಲೆ ತಾತ್ಕಾಲಿಕ ಸಿಮೆಂಟ್ ಹಾಕಿ, "ಮುಂದಿನ ವಾರ ಬನ್ನಿ" ಎಂದು ಕಳಿಸುತ್ತೇವೆ. ಆ ಬಿಳಿ ಔಷಧದ ಬಗ್ಗೆ ಕೇಳುವವರು ಬಹಳ ಜನ. ಸಕ್ಕರೆ ಕಾಯಿಲೆ ಇರುವವರು, "ಬಾಯಲ್ಲಿ ಫಂಗಸ್ ಇದೆ" ಎಂದು ಯಾರೋ ಹೇಳಿ ಹೆದರಿಸಿದವರು, ಬಿಡಿಎಸ್ ಓದುತ್ತಿರುವ ಮಕ್ಕಳು ಇನ್ನೂ ಜಾಸ್ತಿ ಕೇಳುತ್ತಾರೆ. ಕುರ್ಚಿಯ ಪಕ್ಕ ನಿಂತು ಎರಡು ನಿಮಿಷದಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ ಇದು. ಅದಕ್ಕೇ ಸಮಾಧಾನವಾಗಿ ಇಲ್ಲಿ ಬರೆದಿದ್ದೇನೆ.

ಹಲ್ಲಿನೊಳಗೆ ಇಡುವ ಆ ಬಿಳಿ ಔಷಧ ಏನು?

ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಹೆಸರು ದೊಡ್ಡದು, ವಸ್ತು ನಮ್ಮ ಮನೆಯದೇ. ಸುಟ್ಟ ಸುಣ್ಣಕ್ಕೆ ನೀರು ಹಾಕಿದಾಗ ಬಿಸಿಯಾಗಿ, ಬುಸುಗುಟ್ಟಿ, ಅರಳಿ ಬರುತ್ತದಲ್ಲ, ಅದೇ ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಎಲೆಗೆ ಸವರುವ ಸುಣ್ಣವೂ ಅದೇ. ಹಲ್ಲಿಗೆ ಬಳಸುವುದು ಶುದ್ಧ ಮಾಡಿದ ಪುಡಿ. ಅದನ್ನು ಸಲೈನ್ ಅಥವಾ ಡಿಸ್ಟಿಲ್ಡ್ ವಾಟರ್‌ನಲ್ಲಿ ಕಲಸುತ್ತೇವೆ, ಇಲ್ಲವೇ ಸಿರಿಂಜಿನಲ್ಲಿ ತಯಾರಾಗಿ ಬರುವ ಪೇಸ್ಟ್ ಬಳಸುತ್ತೇವೆ. ಎಕ್ಸ್‌ರೇಯಲ್ಲಿ ಕಾಣಲಿ ಎಂದು ಕೆಲವು ಪೇಸ್ಟ್‌ಗಳಲ್ಲಿ ಬೇರಿಯಂ ಸಲ್ಫೇಟ್ ಸೇರಿಸಿರುತ್ತಾರೆ. ನಿಮಗೆ ಇಟ್ಟದ್ದು ಬಿಳಿಯ ಬದಲು ಹಳದಿಯಾಗಿದ್ದರೆ ಅದರಲ್ಲಿ ಅಯೋಡೋಫಾರ್ಮ್ ಕೂಡ ಇರಬಹುದು.

ಹಲ್ಲಿನ ಚಿಕಿತ್ಸೆಗೆ ಇದನ್ನು ತಂದವರು ಜರ್ಮನಿಯ ಹರ್ಮನ್ ಎಂಬ ದಂತವೈದ್ಯರು, 1920ರಲ್ಲಿ. ನೂರು ವರ್ಷ ದಾಟಿದರೂ ಇದರ ಜಾಗಕ್ಕೆ ಪೂರ್ತಿಯಾಗಿ ಇನ್ನೊಂದು ಬಂದಿಲ್ಲ.

ಇದನ್ನು ಕ್ಷಾರ ಔಷಧ ಅಂತಾರೆ. ಕ್ಷಾರ ಅಂದ್ರೆ ಸುಲಭವಾಗಿ ಹೇಗೆ ತಿಳಿಯೋದು?

ಆರತಿ ತಟ್ಟೆ ನೆನಪು ಮಾಡಿಕೊಳ್ಳಿ. ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿದ ಕೂಡಲೇ ಹಳದಿ ಹೋಗಿ ಕೆಂಪು ಬರುತ್ತದೆ. ಆ ಬಣ್ಣ ತಿರುಗಿಸುವ ಗುಣವೇ ಕ್ಷಾರ. ಅದನ್ನು ಅಳೆಯುವ ಕೋಲು ಪಿಎಚ್. ಶುದ್ಧ ನೀರು 7. ಅದಕ್ಕಿಂತ ಕೆಳಗೆ ಹುಳಿ, ಮೇಲೆ ಕ್ಷಾರ. ಕ್ಯಾಲ್ಸಿಯಂ ಹೈಡ್ರಾಕ್ಸೈಡ್‌ನ ಪಿಎಚ್ ಸುಮಾರು 12.5. ಈ ಅಳತೆಯಲ್ಲಿ ಒಂದೊಂದು ಮೆಟ್ಟಿಲೂ ಹತ್ತು ಪಟ್ಟು. ಹಾಗಾಗಿ 7ರಿಂದ 12.5 ಅಂದರೆ ಕ್ಷಾರದ ಕಣಗಳು, ಅಂದರೆ ಹೈಡ್ರಾಕ್ಸಿಲ್ ಅಯಾನುಗಳು, ನೀರಿನಲ್ಲಿರುವುದಕ್ಕಿಂತ ಮೂರು ಲಕ್ಷ ಪಟ್ಟಿಗೂ ಜಾಸ್ತಿ.

ಇನ್ನೊಂದು ವಿಶೇಷ. ಸುಣ್ಣ ನೀರಿನಲ್ಲಿ ಕರಗುವುದು ತುಂಬಾ ಕಡಿಮೆ. ಒಂದು ಲೀಟರಿಗೆ ಎರಡು ಗ್ರಾಂ ಕೂಡ ಕರಗುವುದಿಲ್ಲ. ಇದು ಕೊರತೆಯಲ್ಲ, ಅನುಕೂಲ. ಒಂದೇ ಸಲಕ್ಕೆ ಕರಗಿ ಹೋಗದೆ ದಿನಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ಕ್ಷಾರ ಬಿಡುತ್ತಾ ಇರುತ್ತದೆ.

ಬ್ಯಾಕ್ಟೀರಿಯಾಗಳನ್ನು ಇದು ಹೇಗೆ ಕೊಲ್ಲುತ್ತದೆ?

ಹೈಡ್ರಾಕ್ಸಿಲ್ ಅಯಾನುಗಳು ಬ್ಯಾಕ್ಟೀರಿಯಾದ ಪೊರೆಯನ್ನು ಹಾಳುಮಾಡುತ್ತವೆ, ಪ್ರೋಟೀನುಗಳನ್ನು ಕೆಡಿಸುತ್ತವೆ, ಡಿಎನ್‌ಎಯನ್ನೂ ಬಿಡುವುದಿಲ್ಲ. ಬೇರಿನಲ್ಲಿ ಸಿಗುವ ಬಹುಪಾಲು ಬ್ಯಾಕ್ಟೀರಿಯಾಗಳು ಈ ಪಿಎಚ್‌ನಲ್ಲಿ ಬದುಕುವುದಿಲ್ಲ. 1991ರಲ್ಲಿ ಸ್ವೀಡನ್ನಿನ ಉಲ್ಫ್ ಶೋಗ್ರೆನ್ ಮತ್ತು ಅವರ ಜೊತೆಗಾರರು ತೋರಿಸಿದ ಒಂದು ವಿಷಯ ಇವತ್ತಿಗೂ ನಮ್ಮ ಕೈ ಹಿಡಿದು ನಡೆಸುತ್ತಿದೆ: ಹತ್ತು ನಿಮಿಷ ಇಟ್ಟರೆ ಪ್ರಯೋಜನ ಇಲ್ಲ, ಏಳು ದಿನ ಇಟ್ಟರೆ ಕೆಲಸ ಆಗುತ್ತದೆ. "ಮುಂದಿನ ವಾರ ಬನ್ನಿ" ಅನ್ನುವುದು ನಮ್ಮ ಅನುಕೂಲಕ್ಕೆ ಹೇಳುವ ಮಾತಲ್ಲ.

ಎಂಟರೋಕಾಕಸ್ ಫೀಕಾಲಿಸ್ ಎಂಬ ಒಂದು ಬ್ಯಾಕ್ಟೀರಿಯಾ ಮಾತ್ರ ಹಟಮಾರಿ. ಪಿಎಚ್ 11ರ ಆಸುಪಾಸಿನ ತನಕ ತಡೆದುಕೊಳ್ಳುತ್ತದೆ. ಹೊರಗೆ ಕ್ಷಾರ ಏರಿದಾಗ ಅದು ಪ್ರೋಟಾನುಗಳನ್ನು, ಅಂದರೆ ಹುಳಿಯ ಕಣಗಳನ್ನು, ಒಳಕ್ಕೆ ಪಂಪ್ ಮಾಡಿಕೊಂಡು ತನ್ನ ಒಳಗನ್ನು ಸರಿಯಾಗಿ ಇಟ್ಟುಕೊಳ್ಳುತ್ತದೆ. ಇದರ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಯೀಸ್ಟ್ ಬಗ್ಗೆ ಅಷ್ಟು ಮಾತಾಡುವುದಿಲ್ಲ. ಈ ಪುಟ ಬರೆಯುವುದಕ್ಕೆ ಅದೇ ಕಾರಣ.

ಯೀಸ್ಟ್ ಅಂದ್ರೆ ಬ್ರೆಡ್ಡಿಗೆ ಹಾಕೋದಲ್ವಾ? ಬಾಯಲ್ಲಿ ಅದಕ್ಕೇನು ಕೆಲಸ?

ಯೀಸ್ಟ್ ಅಂದರೆ ಒಂದು ಬಗೆಯ ಫಂಗಸ್. ಬ್ರೆಡ್ಡಿನ ಯೀಸ್ಟಿಗೆ ದೂರದ ಸಂಬಂಧಿ ಇದು. ಹೆಸರು ಕ್ಯಾಂಡಿಡಾ ಅಲ್ಬಿಕಾನ್ಸ್. ಕ್ಯಾಂಡಿಡಾ ಎಂಬ ಕುಲನಾಮ ಕೊಟ್ಟವರು ಡಚ್ ವಿಜ್ಞಾನಿ ಕ್ರಿಸ್ಟೀನ್ ಬೆರ್ಕೌಟ್, 1923ರಲ್ಲಿ. ಆರೋಗ್ಯವಾಗಿರುವ ದೊಡ್ಡವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರ ಬಾಯಲ್ಲಿ ಇದು ಇರುತ್ತದೆ. ಇದ್ದರೂ ಗೊತ್ತಾಗುವುದಿಲ್ಲ. ಪಕ್ಕದ ಬ್ಯಾಕ್ಟೀರಿಯಾಗಳು, ನಮ್ಮ ಜೊಲ್ಲು, ನಮ್ಮ ರೋಗನಿರೋಧಕ ಶಕ್ತಿ ಎಲ್ಲ ಸೇರಿ ಅದನ್ನು ಹದ್ದುಬಸ್ತಿನಲ್ಲಿ ಇಟ್ಟಿರುತ್ತವೆ.

ಲ್ಯಾಬಿನಲ್ಲಿ ಇದನ್ನು ಬೆಳೆಸಿ ನೋಡಿದವರಿಗೆ ಮರೆಯುವುದಿಲ್ಲ. ಫಂಗಸ್ ಬೆಳೆಸುವ ಸಬೋರೋ ಅಗರ್ ತಟ್ಟೆಯ ಮೇಲೆ ಕೆನೆ ಬಣ್ಣದ ನುಣುಪಾದ ಚುಕ್ಕಿಗಳು, ಬೆಣ್ಣೆ ಹನಿ ಹಾಕಿದ ಹಾಗೆ. ಮುಚ್ಚಳ ತೆಗೆದರೆ ಹುದುಗಿದ ಹಿಟ್ಟಿನ ವಾಸನೆ. ಅದರಲ್ಲಿ ಒಂದು ಚೂರು ತೆಗೆದು ರಕ್ತದ ಸೀರಮ್ಮಿನಲ್ಲಿ ಕದಡಿ, ಮೈ ಬಿಸಿಯಷ್ಟು, ಅಂದರೆ 37 ಡಿಗ್ರಿಯಲ್ಲಿ, ಎರಡರಿಂದ ಮೂರು ಗಂಟೆ ಇಡುತ್ತೇವೆ. ಆಮೇಲೆ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಗುಂಡಗಿದ್ದ ಕಣಗಳಿಗೆ ಒಂದೊಂದು ಬಾಲ ಮೂಡಿರುತ್ತದೆ. ನೆನೆಸಿ ಕಟ್ಟಿದ ಹೆಸರುಕಾಳು ಮೊಳಕೆ ಒಡೆದ ಹಾಗೇ ಇರುತ್ತದೆ. ನಾನು ಮೊದಲ ಸಲ ನೋಡಿದಾಗ ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ. ಈ ಮೊಳಕೆ ಬೆಳೆದು ದಾರ ಆಗುತ್ತದೆ. ಗುಂಡು ಕಣವಾಗಿಯೂ ಇರಬಲ್ಲದು, ದಾರವಾಗಿಯೂ ಚಾಚಬಲ್ಲದು. ಕ್ಯಾಂಡಿಡಾದ ಶಕ್ತಿ ಇರುವುದೇ ಇಲ್ಲಿ. ಮುಂದೆ ಇದೇ ಮಾತು ಮತ್ತೆ ಬರುತ್ತದೆ.

ಬಾಯಲ್ಲಿರೋದು ಸರಿ. ಬೇರಿನ ಒಳಗೆ ಹೇಗೆ ಹೋಗುತ್ತೆ?

ಹುಳುಕಿನ ದಾರಿಯಿಂದ ಹೋಗುತ್ತದೆ. ಹಲ್ಲು ಸೀಳಿದ್ದರೆ ಆ ಸೀಳಿನಿಂದ ಹೋಗುತ್ತದೆ. ಹಳೇ ಕ್ಯಾಪಿನ ಅಂಚು ಬಿಟ್ಟುಕೊಂಡಿದ್ದರೆ ಅಲ್ಲಿಂದ ಜೊಲ್ಲಿನ ಜೊತೆ ಜಿನುಗುತ್ತದೆ. ನಮ್ಮ ಕಡೆಯಿಂದಲೂ ತಪ್ಪು ಆಗಬಹುದು: ರಬ್ಬರ್ ಡ್ಯಾಮ್, ಅಂದರೆ ಹಲ್ಲಿಗೆ ಜೊಲ್ಲು ತಾಗದಂತೆ ಸುತ್ತ ಹಾಕುವ ರಬ್ಬರ್ ಹಾಳೆ, ಹಾಕದೆ ಕೆಲಸ ಮಾಡಿದರೆ ಜೊಲ್ಲು ಒಳಗೆ ಬರುತ್ತದೆ. ಕೀವು ಹರಿದು ಹೋಗಲಿ ಎಂದು ಹಲ್ಲನ್ನು ದಿನಗಟ್ಟಲೆ ತೆರೆದೇ ಬಿಡುವ ಹಳೇ ಪದ್ಧತಿಯೂ ಇದಕ್ಕೆ ಬಾಗಿಲು ತೆಗೆದ ಹಾಗೆ.

ತಾತ್ಕಾಲಿಕ ಸಿಮೆಂಟ್ ಬಿದ್ದುಹೋದ ಮೇಲೆ "ನೋವಿಲ್ಲ, ಆಮೇಲೆ ಹೋದರಾಯ್ತು" ಎಂದು ಎರಡು ತಿಂಗಳು ಬಿಟ್ಟು ಬರುವವರ ಹಲ್ಲಿನಲ್ಲಿ ಏನೇನು ಸೇರಿರುತ್ತದೆ ಎಂದು ಹೇಳುವುದೇ ಬೇಡ.

ರೂಟ್ ಕೆನಾಲ್ ಮಾಡಿಸುವ ಎಲ್ಲರ ಹಲ್ಲಿನಲ್ಲೂ ಯೀಸ್ಟ್ ಇರುತ್ತದಾ?

ಇಲ್ಲ. ಬೇರಿನ ಸೋಂಕು ಮುಖ್ಯವಾಗಿ ಬ್ಯಾಕ್ಟೀರಿಯಾದ್ದೇ. ಚಿಕಿತ್ಸೆ ಮಾಡಿದರೂ ವಾಸಿಯಾಗದ ಹಲ್ಲುಗಳಿಂದ ತೆಗೆದ ಮಾದರಿಗಳನ್ನು ಫಿನ್‌ಲ್ಯಾಂಡಿನಲ್ಲಿ ಪರೀಕ್ಷೆ ಮಾಡಿ 1997ರಲ್ಲಿ ಪ್ರಕಟಿಸಿದರು. ಏನಾದರೂ ಬೆಳೆದ ಮಾದರಿಗಳಲ್ಲಿ ಸುಮಾರು ನೂರಕ್ಕೆ 7ರಲ್ಲಿ ಯೀಸ್ಟ್ ಸಿಕ್ಕಿತು. ಬಹುಪಾಲು ಕ್ಯಾಂಡಿಡಾ ಅಲ್ಬಿಕಾನ್ಸ್. ಕಡಿಮೆ ಅನ್ನಿಸಬಹುದು. ಆದರೆ ಆ ಏಳು ಜನ ಒಂದೇ ಹಲ್ಲಿಗೆ ಎರಡು ಮೂರು ಸಲ ಕುರ್ಚಿ ಹತ್ತಿದವರು. ದುಡ್ಡು ಖರ್ಚು ಮಾಡಿ, ರಜೆ ಹಾಕಿ ಬಂದು, ಕೊನೆಗೆ "ಕೀಳಿಸಿಬಿಡಿ ಡಾಕ್ಟ್ರೇ" ಅನ್ನುವ ಹಂತಕ್ಕೆ ಬಂದವರು. ಅವರನ್ನು ಶೇಕಡಾವಾರಿನಲ್ಲಿ ನೋಡಿ ಸುಮ್ಮನಾಗಲು ನನಗೆ ಮನಸ್ಸಾಗುವುದಿಲ್ಲ.

ಸುಣ್ಣ ಇಟ್ಟರೆ ಯೀಸ್ಟ್ ಸಾಯಲ್ವಾ?

ಸುಲಭಕ್ಕೆ ಸಾಯುವುದಿಲ್ಲ. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಅಂತಾರಲ್ಲ, ಹಾಗೆ ಆಗಿಬಿಡುತ್ತದೆ. ಬ್ಯಾಕ್ಟೀರಿಯಾಕ್ಕೆ ಸುಣ್ಣ ಸಿಕ್ಕಿತು, ಪಕ್ಕದಲ್ಲೇ ಇದ್ದ ಯೀಸ್ಟ್ ಪಾರಾಯಿತು.

ಇದನ್ನು ಚೆನ್ನಾಗಿ ತೋರಿಸಿದವರು ಫಿನ್‌ಲ್ಯಾಂಡಿನ ಟುಯೋಮಾಸ್ ವಾಲ್ಟಿಮೋ, ಮಾರ್ಕುಸ್ ಹಾಪಸಾಲೋ ಮತ್ತು ಜೊತೆಗಾರರು. 1999ರಲ್ಲಿ ಅವರು ಬಾಯಿಯ ಹಲವು ಕ್ಯಾಂಡಿಡಾ ಜಾತಿಗಳನ್ನು ಸುಣ್ಣದ ತಿಳಿಯಲ್ಲಿ ಇಟ್ಟು ನೋಡಿದರು. ಹಟಮಾರಿ ಎಂದು ಹೆಸರಾದ ಎಂಟರೋಕಾಕಸ್ ಎಷ್ಟು ತಡೆದುಕೊಂಡಿತೋ, ಯೀಸ್ಟ್ ಅಷ್ಟೇ ಅಥವಾ ಅದಕ್ಕಿಂತ ಜಾಸ್ತಿ ತಡೆದುಕೊಂಡಿತು. ಅದೇ ವರ್ಷದ ಇನ್ನೊಂದು ಪ್ರಯೋಗದಲ್ಲಿ ಸೂಕ್ಷ್ಮಜೀವಿ ಕೊಲ್ಲುವ ನಾಲ್ಕು ಔಷಧಗಳನ್ನು ಹೋಲಿಸಿದರು. ಸೋಡಿಯಂ ಹೈಪೋಕ್ಲೋರೈಟ್, ಅಯೋಡಿನ್ ದ್ರಾವಣ ಎರಡೂ 30 ಸೆಕೆಂಡಿನಲ್ಲಿ ಎಲ್ಲ ಕಣಗಳನ್ನೂ ಕೊಂದವು. ಕ್ಲೋರ್‌ಹೆಕ್ಸಿಡಿನ್‌ಗೆ 5 ನಿಮಿಷ ಬೇಕಾಯಿತು. ಸುಣ್ಣಕ್ಕೆ ಮಾತ್ರ ಯೀಸ್ಟ್ ಬಗ್ಗಲಿಲ್ಲ.

ಪಿಎಚ್ 12.5ರಲ್ಲಿ ಇಷ್ಟು ಸಣ್ಣ ಜೀವಿ ಹೇಗೆ ತಡೆದುಕೊಳ್ಳುತ್ತೆ?

ನನಗೆ ತುಂಬಾ ಇಷ್ಟವಾದ ಪ್ರಶ್ನೆ ಇದು.

ಮೊದಲನೆಯದು ಗೋಡೆ. ಯೀಸ್ಟ್ ಕಣದ ಸುತ್ತ ದಪ್ಪ ಗೋಡೆ ಇದೆ. ಅದರಲ್ಲಿ ಕೈಟಿನ್ ಇದೆ, ಏಡಿ ಸಿಗಡಿಗಳ ಚಿಪ್ಪಿನಲ್ಲಿ ಇರುವುದೂ ಅದೇ. ಜೊತೆಗೆ ಗ್ಲುಕಾನ್ ಎಂಬ ಸಕ್ಕರೆಯ ಸರಪಳಿ, ಮೇಲೆ ಸಕ್ಕರೆ ಅಂಟಿದ ಪ್ರೋಟೀನುಗಳ ಪದರ. ಹೈಡ್ರಾಕ್ಸಿಲ್ ಅಯಾನುಗಳು ಈ ಗೋಡೆ ದಾಟಿ ಪೊರೆಯನ್ನು ಮುಟ್ಟಬೇಕು.

ಎರಡನೆಯದು ಇನ್ನೂ ಸೊಗಸು. ಕ್ಯಾಂಡಿಡಾ ಸುತ್ತಲಿನ ಪಿಎಚ್ ಎಷ್ಟಿದೆ ಎಂದು ತಿಳಿದುಕೊಳ್ಳುತ್ತದೆ. ಹೊರಗೆ ಕ್ಷಾರ ಏರಿತು ಅಂದರೆ ಪೊರೆಯಲ್ಲಿರುವ ಸಂವೇದಕಗಳು ಒಳಗೆ ಸುದ್ದಿ ಮುಟ್ಟಿಸುತ್ತವೆ. ಆಗ ರಿಮ್101 ಎಂಬ ಪ್ರೋಟೀನು ಎಚ್ಚೆತ್ತು ಒಂದಷ್ಟು ಜೀನುಗಳನ್ನು ಚಾಲೂ ಮಾಡುತ್ತದೆ. ಗೋಡೆ ಕಟ್ಟುವ ಕೆಲಸಕ್ಕೆ ಕ್ಯಾಂಡಿಡಾದಲ್ಲಿ ಪಿಎಚ್‌ಆರ್1, ಪಿಎಚ್‌ಆರ್2 ಎಂದು ಎರಡು ಜೀನುಗಳಿವೆ. ಹುಳಿ ಜಾಗದಲ್ಲಿ ಎರಡನೆಯದು ದುಡಿಯುತ್ತದೆ, ಕ್ಷಾರದ ಕಡೆ ತಿರುಗಿದರೆ ಅದು ನಿಂತು ಮೊದಲನೆಯದು ಶುರುವಾಗುತ್ತದೆ. ಹಗಲು ಪಾಳಿ, ರಾತ್ರಿ ಪಾಳಿ ಇದ್ದ ಹಾಗೆ. ಕ್ಷಾರದಲ್ಲಿ ಕಬ್ಬಿಣದ ಅಂಶ ಕರಗದೆ ಕೈಗೆ ಸಿಗುವುದಿಲ್ಲ. ಅದಕ್ಕೂ ಉಪಾಯ ಇದೆ, ಕಬ್ಬಿಣ ಹೀರಿಕೊಳ್ಳುವ ಜೀನುಗಳೂ ಜೊತೆಗೇ ಚಾಲೂ ಆಗುತ್ತವೆ.

ಇದೆಲ್ಲ ಅದು ಕಲಿತದ್ದು ನಮ್ಮ ಮೈಯಲ್ಲೇ. ಬಾಯಿ, ಹೊಟ್ಟೆ, ಕರುಳು, ರಕ್ತ, ಒಂದೊಂದು ಕಡೆ ಒಂದೊಂದು ಪಿಎಚ್. ಎಲ್ಲ ಕಡೆ ಬದುಕಿ ಅಭ್ಯಾಸ ಆಗಿದೆ. ಬೇಕಾದರೆ ತಾನೇ ಪಿಎಚ್ ಏರಿಸಿಕೊಳ್ಳಲೂ ಬಲ್ಲದು: ಸಕ್ಕರೆ ಸಿಗದೆ ಅಮೈನೋ ಆಮ್ಲ ತಿಂದು ಬದುಕುವಾಗ ಅಮೋನಿಯ ಬಿಟ್ಟು ಹುಳಿ ಜಾಗವನ್ನು ಕೆಲವೇ ಗಂಟೆಗಳಲ್ಲಿ ತಟಸ್ಥ ಮಾಡುತ್ತದೆ.

ಹಾಗಂತ 12.5ರಲ್ಲಿ ಅದು ಆರಾಮಾಗಿ ಬೆಳೆಯುತ್ತದೆ ಎಂದು ತಿಳಿಯಬೇಡಿ. ಬೆಳೆಯುವುದಿಲ್ಲ. ಬೆಳೆಯುವುದು ಪಿಎಚ್ 10ರ ಒಳಗೆ. ಅದಕ್ಕಿಂತ ಮೇಲೆ ಹೋದರೆ ತಕ್ಷಣ ಸಾಯದೆ ತಡೆದುಕೊಂಡು ಕೂರುತ್ತದೆ, ಅಷ್ಟೇ. ಆದರೆ ಕೂರುವುದೇ ಸಾಕು. ಕ್ಷಾರ ಇಳಿದ ಮೇಲೆ ಮತ್ತೆ ಎದ್ದೇಳುತ್ತದೆ.

ಕ್ಷಾರ ಇಳಿಯೋದು ಯಾಕೆ? ಔಷಧ ಅಲ್ಲೇ ಇರುತ್ತಲ್ಲ?

ಔಷಧ ಇರುವುದು ಬೇರಿನ ಒಳಗಿನ ನಾಳದ ಮಧ್ಯದಲ್ಲಿ. ಯೀಸ್ಟ್ ಅಡಗಿರುವುದು ಗೋಡೆಯ ಒಳಗೆ.

ಹಲ್ಲಿನ ಗೋಡೆ, ಅಂದರೆ ಡೆಂಟಿನ್, ನೋಡಲು ಗಟ್ಟಿ ಕಲ್ಲು. ಆದರೆ ಅದರ ತುಂಬ ಸೂಕ್ಷ್ಮ ಕೊಳವೆಗಳು. ಒಂದು ಚದರ ಮಿಲಿಮೀಟರಿನಲ್ಲಿ ಸಾವಿರಾರು. ಒಂದೊಂದರ ಅಗಲ ಸುಮಾರು 1ರಿಂದ 3 ಮೈಕ್ರಾನ್. ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರ ಭಾಗದಲ್ಲಿ ಒಂದು ಭಾಗ. ಯೀಸ್ಟಿನ ಗುಂಡು ಕಣ 3ರಿಂದ 6 ಮೈಕ್ರಾನ್ ಇರುತ್ತದೆ, ಹಾಗಾಗಿ ಬಾಗಿಲಲ್ಲೇ ಸಿಕ್ಕಿಕೊಳ್ಳುತ್ತದೆ. ಆದರೆ ಆಗಲೇ ಹೇಳಿದ ಮೊಳಕೆ ಇದೆಯಲ್ಲ, ಆ ದಾರ ತೆಳ್ಳಗೆ. ಕೊಳವೆಯೊಳಗೆ ನುಗ್ಗುತ್ತದೆ. ದಾರ ಚಾಚಲು ಅದಕ್ಕೆ ಬೇಕಾದ್ದು ಮೈಬಿಸಿ ಮತ್ತು ತಟಸ್ಥಕ್ಕೆ ಹತ್ತಿರದ, ಸ್ವಲ್ಪ ಕ್ಷಾರದ ಕಡೆಗಿರುವ ಪಿಎಚ್. ಹುಳಿ ಜಾಗದಲ್ಲಿ ಅದು ಗುಂಡಗೇ ಇರಲು ಇಷ್ಟಪಡುತ್ತದೆ.

ಈಗ ಎರಡನ್ನೂ ಸೇರಿಸಿ ನೋಡಿ. ಡೆಂಟಿನ್ನಿನ ಖನಿಜವು ಕ್ಷಾರವನ್ನು ಹೀರಿ ತಗ್ಗಿಸುತ್ತದೆ. ನಾಳದಲ್ಲಿ 12.5 ಇದ್ದರೂ ಗೋಡೆಯ ಒಳಪದರದಲ್ಲಿ 10ರ ಆಸುಪಾಸು, ಬೇರಿನ ಹೊರಮೈ ಕಡೆ 9ರ ಆಸುಪಾಸು ಮುಟ್ಟಿದರೆ ಹೆಚ್ಚು. ಅದೂ ಹೊರಪದರಕ್ಕೆ ಮುಟ್ಟಲು ಎರಡು ಮೂರು ವಾರ ಬೇಕು. ಹಾಪಸಾಲೋ ತಂಡ 2000ದಲ್ಲಿ ಇನ್ನೊಂದು ಪ್ರಯೋಗ ಮಾಡಿತ್ತು. ಸುಣ್ಣದ ತಿಳಿಗೆ ಡೆಂಟಿನ್ ಪುಡಿ ಬೆರೆಸಿದಾಗ ಎಂಟರೋಕಾಕಸ್ ಕೊಲ್ಲುವ ಶಕ್ತಿ ಪೂರ್ತಿ ಹೋಯಿತು. ಹೀಗಿರುವಾಗ ಗೋಡೆಯ ಆಳದಲ್ಲಿ ಕೂತ ಯೀಸ್ಟಿಗೆ ಸಿಗುವುದು ಕೊಲ್ಲುವಷ್ಟು ಕ್ಷಾರ ಅಲ್ಲ, ಅರೆಬರೆ ಕ್ಷಾರ. ಸುಣ್ಣವೊಂದನ್ನೇ ನಂಬಿ ಕೂರಬಾರದು ಎಂದು ನಾನು ಹಟ ಹಿಡಿದು ಹೇಳುವುದು ಇದಕ್ಕೇ.

ಕೆಲವು ಪ್ರಯೋಗಗಳಲ್ಲಿ ಸುಣ್ಣಕ್ಕೆ ಯೀಸ್ಟ್ ಸತ್ತಿದೆ ಅಂತ ಓದಿದ್ದೇನೆ. ಯಾವುದು ಸರಿ?

ಎರಡೂ ಸರಿ. ಹೇಗೆ ಇಟ್ಟರು ಅನ್ನುವುದನ್ನು ನೋಡಬೇಕು. ಸುಣ್ಣದ ತಿಳಿ, ಅಂದರೆ ಮೇಲೆ ನಿಂತ ಸ್ವಚ್ಛ ನೀರು, ಯೀಸ್ಟಿನ ಮೇಲೆ ಅಷ್ಟೇನೂ ನಡೆಯುವುದಿಲ್ಲ. ಗಟ್ಟಿ ಪೇಸ್ಟ್ ನೇರವಾಗಿ ಮೈಮೇಲೆ ಕೂತರೆ ಪರಿಣಾಮ ಕಾಣುತ್ತದೆ. ಪೇಸ್ಟಿನಲ್ಲಿ ಕರಗದೆ ಉಳಿದ ಸುಣ್ಣ ದಾಸ್ತಾನಿನ ಹಾಗೆ ಇರುತ್ತದೆ, ಖರ್ಚಾದಂತೆಲ್ಲ ತುಂಬಿಕೊಡುತ್ತದೆ.

ಬ್ರೆಜಿಲಿನ ಜೋಸೆ ಸಿಕೇರಾ ಮತ್ತು ಜೊತೆಗಾರರು 2003ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಒಳ್ಳೇ ಉದಾಹರಣೆ. ಕ್ಯಾಂಡಿಡಾ ಹತ್ತಿಸಿದ ಡೆಂಟಿನ್ ತುಂಡುಗಳಿಗೆ ಬೇರೆ ಬೇರೆ ಪೇಸ್ಟ್ ಇಟ್ಟರು. ಗ್ಲಿಸರಿನ್‌ನಲ್ಲಿ ಕಲಸಿದ ಸುಣ್ಣಕ್ಕೆ ಏಳು ದಿನ ಬೇಕಾಯಿತು. ಅದಕ್ಕೇ ಕರ್ಪೂರ ಬೆರೆತ ಪ್ಯಾರಾಮೋನೋಕ್ಲೋರೋಫಿನಾಲ್ ಎಂಬ ಸೂಕ್ಷ್ಮಜೀವಿ ಕೊಲ್ಲುವ ಔಷಧ ಸೇರಿಸಿದಾಗ ಒಂದೇ ಗಂಟೆ ಸಾಕಾಯಿತು. ಯಾವುದರಲ್ಲಿ ಕಲಸುತ್ತೇವೆ ಅನ್ನುವುದು ಅಷ್ಟು ಮುಖ್ಯ. ವಿದ್ಯಾರ್ಥಿಗಳಿಗೆ ನನ್ನ ಕೋರಿಕೆ: ಒಂದು ಸಂಶೋಧನೆಯ ಕೊನೆಯ ಸಾಲು ಓದಿ ಬಿಡಬೇಡಿ. ತಿಳಿಯೋ ಪೇಸ್ಟೋ, ತೇಲುವ ಕಣವೋ ಅಂಟಿಕೊಂಡ ಪದರವೋ, ಗಾಜಿನ ಮೇಲೋ ಡೆಂಟಿನ್ ಮೇಲೋ, ಇಷ್ಟು ನೋಡಿ.

ಹಾಗಾದ್ರೆ ಕ್ಲೋರ್‌ಹೆಕ್ಸಿಡಿನ್ ಜೊತೆ ಸುಣ್ಣ ಕಲಸಿದರೆ ಎರಡರ ಶಕ್ತಿಯೂ ಸಿಗುತ್ತಲ್ವಾ?

ಹಾಗೆ ಅನ್ನಿಸುವುದು ಸಹಜ. ಆದರೆ ಮೇಲಿನ ಪ್ರಯೋಗದಲ್ಲೇ ಈ ಜೋಡಿ ಒಂದು ವಾರವಾದರೂ ಯೀಸ್ಟನ್ನು ಪೂರ್ತಿ ತೆಗೆಯಲಿಲ್ಲ. ಅದೇ ಕ್ಲೋರ್‌ಹೆಕ್ಸಿಡಿನ್ ಅನ್ನು ಜಿಂಕ್ ಆಕ್ಸೈಡ್ ಜೊತೆ ಕಲಸಿದಾಗ ಒಂದು ಗಂಟೆಯಲ್ಲಿ ಕೆಲಸ ಆಗಿತ್ತು. ಅಷ್ಟು ಕ್ಷಾರದಲ್ಲಿ ಕ್ಲೋರ್‌ಹೆಕ್ಸಿಡಿನ್ ತಾನೇ ಕೆಡುತ್ತದೆ. ವಾಲ್ಟಿಮೋ ಕೂಡ 1999ರಲ್ಲಿ ಇದನ್ನೇ ಕಂಡರು: ಎರಡು ಔಷಧ ಬೆರೆಸಿದರೆ, ಅವುಗಳಲ್ಲಿ ಜೋರಾಗಿರುವುದರಷ್ಟೇ ಕೆಲಸ ಅಥವಾ ಅದಕ್ಕಿಂತ ಕಡಿಮೆ. ಎರಡು ಒಳ್ಳೇದು ಸೇರಿದರೆ ಇನ್ನೂ ಒಳ್ಳೇದು ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಮತ್ತೆ ಯೀಸ್ಟನ್ನು ತೆಗೆಯೋದು ಹೇಗೆ?

ತೊಳೆಯುವುದರಿಂದ. ನನ್ನ ಮಾತಿನ ಮುಖ್ಯ ಭಾಗ ಇದು.

ನಾಳವನ್ನು ಫೈಲುಗಳಿಂದ, ಅಂದರೆ ಸೂಜಿಯಂಥ ಸಣ್ಣ ಅರಗಳಿಂದ, ಉಜ್ಜಿ ಅಗಲ ಮಾಡುವಾಗ ಮಧ್ಯೆ ಮಧ್ಯೆ ಸಿರಿಂಜಿನಿಂದ ಸೋಡಿಯಂ ಹೈಪೋಕ್ಲೋರೈಟ್ ಹಾಯಿಸುತ್ತೇವೆ. ಬಾಯಲ್ಲಿ ಈಜುಕೊಳದ ವಾಸನೆ ಬಂತು ಅಂತೀರಲ್ಲ, ಅದೇ. ಅರ್ಧ ಪರ್ಸೆಂಟಿನ ದ್ರಾವಣಕ್ಕೂ ತೇಲುವ ಯೀಸ್ಟ್ 30 ಸೆಕೆಂಡ್ ನಿಲ್ಲುವುದಿಲ್ಲ. ಅಂಟಿಕೊಂಡು ಪದರ ಕಟ್ಟಿದ್ದಕ್ಕೆ ಜಾಸ್ತಿ ಹೊತ್ತು, ಜಾಸ್ತಿ ದ್ರಾವಣ ಬೇಕು.

ಫೈಲು ಉಜ್ಜಿದ ಜಾಗದಲ್ಲಿ ಡೆಂಟಿನ್ನಿನ ಪುಡಿ ಒದ್ದೆಯಾಗಿ ಗೋಡೆಗೆ ಮೆತ್ತಿಕೊಳ್ಳುತ್ತದೆ. ಗಾರೆ ಬಳಿದ ಹಾಗೆ. ಕೊಳವೆಗಳ ಬಾಯಿ ಮುಚ್ಚಿಹೋಗುತ್ತದೆ. ಇದನ್ನು ಸ್ಮಿಯರ್ ಲೇಯರ್ ಅಂತೇವೆ. ಒಳಗೆ ಯೀಸ್ಟಿನ ದಾರ ಇದ್ದರೆ ಅದಕ್ಕೆ ಬೆಚ್ಚಗಿನ ಕದ ಸಿಕ್ಕಿದ ಹಾಗಾಯಿತು. ಈ ಪದರ ತೆಗೆಯಲು 17 ಪರ್ಸೆಂಟ್ ಇಡಿಟಿಎ ಎಂಬ ದ್ರಾವಣ ಬಳಸುತ್ತೇವೆ. ಅದು ಕ್ಯಾಲ್ಸಿಯಮ್ಮನ್ನು ಹಿಡಿದು ಎಳೆದುಕೊಳ್ಳುತ್ತದೆ. ಯೀಸ್ಟಿಗೂ ಕ್ಯಾಲ್ಸಿಯಂ ಬೇಕು, ಹಾಗಾಗಿ ಇಡಿಟಿಎಗೆ ಯೀಸ್ಟ್ ವಿರುದ್ಧವೂ ಶಕ್ತಿ ಇದೆ. ಇದನ್ನು ಬಹಳ ಜನ ಮರೆಯುತ್ತಾರೆ.

ಕೊನೆಗೆ ಬೇಕೆನಿಸಿದರೆ 2 ಪರ್ಸೆಂಟ್ ಕ್ಲೋರ್‌ಹೆಕ್ಸಿಡಿನ್. ಒಂದು ಎಚ್ಚರಿಕೆ: ಹೈಪೋಕ್ಲೋರೈಟ್ ನಾಳದಲ್ಲಿ ಉಳಿದಿರುವಾಗ ಕ್ಲೋರ್‌ಹೆಕ್ಸಿಡಿನ್ ಹಾಕಿದರೆ ಕಿತ್ತಳೆ ಕಂದು ಬಣ್ಣದ ಗಸಿ ಕೂಡುತ್ತದೆ. ಅದು ಕೊಳವೆಗಳ ಬಾಯಿ ಮುಚ್ಚುತ್ತದೆ, ಹಲ್ಲಿಗೂ ಬಣ್ಣ ಹಿಡಿಸುತ್ತದೆ. ನಡುವೆ ಸಲೈನ್ ಹಾಯಿಸಿ, ಪೇಪರ್ ಪಾಯಿಂಟಿನಿಂದ, ಅಂದರೆ ನೀರು ಹೀರುವ ಕಾಗದದ ಕಡ್ಡಿಯಿಂದ, ಒರೆಸಿಯೇ ಮುಂದಕ್ಕೆ ಹೋಗಬೇಕು.

ಹೈಪೋಕ್ಲೋರೈಟ್ ಕೂಡ ಕ್ಷಾರವೇ ತಾನೇ? ಅದು ಕೊಲ್ಲುತ್ತೆ, ಸುಣ್ಣ ಯಾಕೆ ಕೊಲ್ಲಲ್ಲ?

ಹೌದು, ಅದರ ಪಿಎಚ್ಚೂ 11ರಿಂದ 12. ಆದರೆ ಅದು ಕೊಲ್ಲುವುದು ಮುಖ್ಯವಾಗಿ ಕ್ಲೋರಿನ್ ಶಕ್ತಿಯಿಂದ. ಪ್ರೋಟೀನುಗಳನ್ನು ಸುಟ್ಟುಹಾಕುತ್ತದೆ, ಸತ್ತ ನರದ ಚೂರುಗಳನ್ನೂ ಕರಗಿಸುತ್ತದೆ. ಪಿಎಚ್ ಒಂದೇ ಇದ್ದ ಮಾತ್ರಕ್ಕೆ ಕೆಲಸವೂ ಒಂದೇ ಅಲ್ಲ.

ಎಂಟಿಎ ಹಾಕ್ತೀವಿ ಅಂದ್ರು. ಅದು ಯಾವುದು?

ಮಿನರಲ್ ಟ್ರೈಆಕ್ಸೈಡ್ ಅಗ್ರಿಗೇಟ್ ಎಂಬ ಹಲ್ಲಿನ ಸಿಮೆಂಟಿನ ಚಿಕ್ಕ ಹೆಸರು. ಅದೂ ಕ್ಷಾರದ ಬಳಗದ್ದೇ. 1993ರಲ್ಲಿ ಅಮೆರಿಕದ ಲೋಮಾ ಲಿಂಡಾ ವಿಶ್ವವಿದ್ಯಾಲಯದ ಮಹಮೂದ್ ತೊರಾಬಿನೆಜಾದ್ ಇದನ್ನು ಪರಿಚಯಿಸಿದರು. ಕಟ್ಟಡಕ್ಕೆ ಹಾಕುವ ಪೋರ್ಟ್‌ಲ್ಯಾಂಡ್ ಸಿಮೆಂಟಿನ ಹತ್ತಿರದ ನೆಂಟ. ಕಲಸಿದಾಗ ಪಿಎಚ್ 10ರ ಮೇಲಿರುತ್ತದೆ, ಮೂರು ಗಂಟೆಯಲ್ಲಿ 12.5ಕ್ಕೆ ಏರುತ್ತದೆ. ಗಟ್ಟಿಯಾಗುವಾಗ ಒಳಗಿಂದ ಬಿಡುವುದು ಅದೇ ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಲ್ಯಾಬಿನಲ್ಲಿ ಹೊಸದಾಗಿ ಕಲಸಿದ ಎಂಟಿಎ ಕ್ಯಾಂಡಿಡಾವನ್ನು ತಡೆದದ್ದು ಕಂಡಿದೆ. ಆದರೆ ಇದನ್ನು ಬಳಸುವುದು ತೂತು ಮುಚ್ಚಲು, ಬೇರಿನ ತುದಿ ಕಟ್ಟಲು. ಯೀಸ್ಟ್ ಕೊಲ್ಲುವ ಔಷಧ ಎಂದು ಅಲ್ಲ.

ನನಗೆ ಆಂಟಿಬಯೋಟಿಕ್ ಕೊಟ್ಟಿದ್ದಾರೆ. ಅದರಿಂದ ಯೀಸ್ಟ್ ಹೋಗಲ್ವಾ?

ಹೋಗುವುದಿಲ್ಲ. ಅಮಾಕ್ಸಿಸಿಲಿನ್, ಮೆಟ್ರೋನಿಡಜೋಲ್ ಇವೆಲ್ಲ ಬ್ಯಾಕ್ಟೀರಿಯಾದ ಔಷಧಗಳು. ತಿಂಗಳುಗಟ್ಟಲೆ ತಿಂದರೆ ಉಲ್ಟಾ ಆಗುತ್ತದೆ. ಜಾಗಕ್ಕೆ ಪೈಪೋಟಿ ಮಾಡುತ್ತಿದ್ದ ಬ್ಯಾಕ್ಟೀರಿಯಾಗಳು ಹೋಗಿ ಯೀಸ್ಟಿಗೆ ಬಯಲು ಸಿಗುತ್ತದೆ. ಹಲ್ಲು ನೋವು ಬಂದಾಗಲೆಲ್ಲ ಮೆಡಿಕಲ್ ಶಾಪಿನಿಂದ ನಾಲ್ಕು ಮಾತ್ರೆ ತಂದು ನುಂಗುವ ಅಭ್ಯಾಸ ಇದ್ದರೆ ದಯವಿಟ್ಟು ಬಿಡಿ.

ಹಾಗೇ, ಬರೀ ಹಲ್ಲಿಗೋಸ್ಕರ ಫಂಗಸ್ ಮಾತ್ರೆ ನುಂಗುವುದೂ ಬೇಡ. ಸತ್ತ ನರದ ನಾಳಕ್ಕೆ ರಕ್ತ ಹರಿಯುವುದಿಲ್ಲ, ಮಾತ್ರೆ ಅಲ್ಲಿಗೆ ಮುಟ್ಟುವುದೂ ಇಲ್ಲ. ನಾಲಗೆ, ಅಂಗುಳಿನ ಮೇಲೆ ಬಿಳಿ ಪದರ ಇದ್ದರೆ ಅದರ ಚಿಕಿತ್ಸೆ ಬೇರೆ, ಅದನ್ನು ಡಾಕ್ಟರಿಗೆ ತೋರಿಸಿ.

ನನಗೆ ಸಕ್ಕರೆ ಕಾಯಿಲೆ ಇದೆ. ಹೆದರಬೇಕಾ?

ಹೆದರಬೇಡಿ, ಹೇಳಿ. ಸಕ್ಕರೆ ಹತೋಟಿಯಲ್ಲಿ ಇಲ್ಲದವರ ಬಾಯಲ್ಲಿ ಯೀಸ್ಟ್ ಜಾಸ್ತಿ ಇರುತ್ತದೆ. ರಾತ್ರಿಯೂ ಹಲ್ಲಿನ ಸೆಟ್ ತೆಗೆಯದೆ ಮಲಗುವವರು, ಬಾಯಿ ಒಣಗುವ ಮಾತ್ರೆ ತಿನ್ನುವವರು, ಕ್ಯಾನ್ಸರಿಗೆ ಕುತ್ತಿಗೆ ಮುಖಕ್ಕೆ ರೇಡಿಯೇಷನ್ ತೆಗೆದುಕೊಂಡವರು, ಉಬ್ಬಸಕ್ಕೆ ಸ್ಟಿರಾಯ್ಡ್ ಇನ್‌ಹೇಲರ್ ಎಳೆಯುವವರು, ಇವರಲ್ಲೂ ಹಾಗೇ. ಇನ್‌ಹೇಲರ್ ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗುಳಿ. ಎಷ್ಟೋ ಜನ "ಹಲ್ಲಿಗೂ ಉಬ್ಬಸಕ್ಕೂ ಏನು ಸಂಬಂಧ" ಎಂದು ಹೇಳುವುದೇ ಇಲ್ಲ. ಗೊತ್ತಾದರೆ ನಾವು ತೊಳೆಯುವುದಕ್ಕೆ ಇನ್ನೂ ಹತ್ತು ನಿಮಿಷ ಜಾಸ್ತಿ ಕೊಡುತ್ತೇವೆ.

ಯೀಸ್ಟ್ ಮೇಲೆ ನಡೆಯದ ಸುಣ್ಣವನ್ನು ಇಡೋದೇ ಬಿಡಬಹುದಲ್ಲ?

ಬಿಡಬಾರದು. ಬಹುಪಾಲು ಹಲ್ಲುಗಳಲ್ಲಿ ಶತ್ರು ಬ್ಯಾಕ್ಟೀರಿಯಾವೇ, ಅದಕ್ಕೆ ಸುಣ್ಣ ಒಳ್ಳೇ ಮದ್ದು. ಸತ್ತ ಬ್ಯಾಕ್ಟೀರಿಯಾ ಬಿಟ್ಟುಹೋಗುವ ವಿಷದ ಅಂಶವನ್ನೂ ನಿಷ್ಕ್ರಿಯ ಮಾಡುತ್ತದೆ. ನಾಳ ಖಾಲಿ ಬಿಡದೆ ತುಂಬಿಕೊಂಡಿರುತ್ತದೆ. ನನ್ನ ಅಭಿಪ್ರಾಯ ಇಷ್ಟೇ: ತೊಳೆಯುವ ಕೆಲಸದಲ್ಲಿ ಆತುರ ಮಾಡಿ, "ಸುಣ್ಣ ಇಡ್ತೀವಲ್ಲ, ಮಿಕ್ಕಿದ್ದು ಅದು ನೋಡಿಕೊಳ್ಳುತ್ತೆ" ಅಂದುಕೊಳ್ಳಬಾರದು. ಎರಡು ಸಲ ಸುಣ್ಣ ಇಟ್ಟರೂ ಹಲ್ಲು ಒಣಗದೆ ಜಿನುಗುತ್ತಿದ್ದರೆ ಮೂರನೇ ಸಲವೂ ಅದನ್ನೇ ಇಡುವ ಬದಲು ನಿಂತು ಯೋಚಿಸಬೇಕು. ಬಿಟ್ಟುಹೋದ ನಾಳ ಇದೆಯಾ, ಬೇರು ಸೀಳಿದೆಯಾ, ಯೀಸ್ಟ್ ಇರಬಹುದಾ.

ತಿಂಗಳುಗಟ್ಟಲೆ ಒಳಗೇ ಬಿಡುವುದೂ ಸರಿಯಲ್ಲ. ಅಷ್ಟು ದಿನ ಸುಣ್ಣ ಕೂತರೆ ಡೆಂಟಿನ್ ದುರ್ಬಲವಾಗುತ್ತದೆ. ಬೇರು ಇನ್ನೂ ಪೂರ್ತಿ ಬೆಳೆಯದ ಮಕ್ಕಳ ಹಲ್ಲಿನಲ್ಲಿ ಇದನ್ನು ವಿಶೇಷವಾಗಿ ಗಮನಿಸಬೇಕು.

ಪುಡಿ ಡಬ್ಬಿಯ ಮುಚ್ಚಳ ಬಿಗಿಯಾಗಿ ಮುಚ್ಚಿ ಅಂತ ನಮ್ಮ ಮೇಡಂ ಬೈತಾರೆ. ಯಾಕೆ?

ಸರಿಯಾಗೇ ಬೈಯುತ್ತಾರೆ. ಶಾಲೆಯಲ್ಲಿ ಸುಣ್ಣದ ತಿಳಿನೀರಿಗೆ ಕೊಳವೆಯಿಂದ ಊದಿದ್ದು ನೆನಪಿದೆಯಾ? ಹಾಲಿನ ಹಾಗೆ ಬೆಳ್ಳಗಾಗುತ್ತಿತ್ತು. ಉಸಿರಿನ ಇಂಗಾಲದ ಡೈಆಕ್ಸೈಡ್ ಸೇರಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಯಿತು, ಅಂದರೆ ಸೀಮೆಸುಣ್ಣದ ಪುಡಿ ಆಯಿತು. ಡಬ್ಬಿ ತೆರೆದಿಟ್ಟರೆ ಗಾಳಿಯೇ ಆ ಕೆಲಸ ಮಾಡುತ್ತದೆ. ಬಣ್ಣ ಅದೇ ಬಿಳಿ, ಕ್ಷಾರ ಹೋಗಿರುತ್ತದೆ.

ಎಲೆ ಅಡಿಕೆ ಸುಣ್ಣವೂ ಅದೇ ಅಂದ್ರಿ. ಮನೇಲೇ ಹುಳುಕು ಹಲ್ಲಿಗೆ ಇಟ್ಟುಕೊಳ್ಳಬಹುದಾ?

ಖಂಡಿತ ಬೇಡ. ಒಬ್ಬರು ಅಜ್ಜಿ ಹಾಗೆ ಇಟ್ಟುಕೊಂಡು ಬಂದಿದ್ದರು. ನೋವಿಗೆ ಎರಡು ರಾತ್ರಿ ನಿದ್ದೆ ಇರಲಿಲ್ಲವಂತೆ. ಸುಣ್ಣದ ಡಬ್ಬಿಯಿಂದ ಬೆರಳ ತುದಿಯಷ್ಟು ತೆಗೆದು ದವಡೆ ಹಲ್ಲಿನ ತೂತಿಗೆ ಒತ್ತಿದ್ದರು. ಹಲ್ಲಿನ ಪಕ್ಕದ ವಸಡು, ಕೆನ್ನೆಯ ಒಳಭಾಗ ಸುಟ್ಟು ಬೆಳ್ಳಗೆ ಸುಲಿದು ಬರುತ್ತಿತ್ತು. ಕೈಯಲ್ಲಿ ಕನ್ನಡಿ ಹಿಡಿಸಿ ತೋರಿಸಿದಾಗ ಅವರಿಗೇ ಗಾಬರಿ. "ಎಲೆಯೊಳಗೆ ಇಟ್ಟರೆ ಏನೂ ಆಗಲ್ಲ, ಬರೀ ಸುಣ್ಣ ಹೀಗಾ ಮಗಾ" ಅಂದರು. ವಸಡು ವಾಸಿಯಾಗುವ ತನಕ ಹಲ್ಲಿನ ಕೆಲಸ ಮುಂದಕ್ಕೆ ಹಾಕಬೇಕಾಯಿತು. ನಾವು ಸುಣ್ಣ ಇಡುವುದು ಮೇಲಿನ ತೂತಿನಲ್ಲಲ್ಲ, ತೊಳೆದು ಒಣಗಿಸಿದ ಬೇರಿನ ಒಳಗೆ. ಹೊರಗೆ ಸೋರದ ಹಾಗೆ ಮುಚ್ಚಿ ಇಡುತ್ತೇವೆ.

ಎಲೆ ಅಡಿಕೆ ಹಾಕಿದರೆ ಬಾಯಿಯ ಫಂಗಸ್ ಹೋಗುತ್ತದಾ ಎಂದೂ ಕೇಳುತ್ತಾರೆ. ಹೋಗುವುದಿಲ್ಲ. ತಂಬಾಕು ಇಲ್ಲದ ಎಲೆ ಅಡಿಕೆಯೂ ಬಾಯಿ ಕ್ಯಾನ್ಸರಿಗೆ ಕಾರಣ ಎನ್ನುವುದು ಸಾಬೀತಾದ ವಿಷಯ.

ಔಷಧ ಇಟ್ಟು ಮೂರು ದಿನ ಆಯ್ತು. ಸಿಮೆಂಟ್ ಬಿದ್ದುಹೋಗಿ ಬಾಯಿಗೆ ಬಿಳಿ ಪುಡಿ ಬರ್ತಿದೆ. ಏನು ಮಾಡಲಿ?

ನೀರಿನಿಂದ ಚೆನ್ನಾಗಿ ಮುಕ್ಕಳಿಸಿ ಉಗುಳಿ. ಚಿಟಿಕೆಯಷ್ಟು ಹೊಟ್ಟೆಗೆ ಹೋಗಿದ್ದರೆ ಗಾಬರಿ ಬೇಡ. ಆ ಕಡೆಯಿಂದ ಅಗಿಯಬೇಡಿ. ಹತ್ತಿ, ಲವಂಗ ಏನನ್ನೂ ತುರುಕಬೇಡಿ. ಮುಂದಿನ ವಾರದ ತನಕ ಕಾಯಬೇಡಿ, ಇವತ್ತೇ ಫೋನ್ ಮಾಡಿ, ನಾಳೆಯೊಳಗೆ ಬನ್ನಿ. ಬಾಗಿಲು ತೆರೆದಿರುವಷ್ಟು ಹೊತ್ತೂ ಜೊಲ್ಲು ಒಳಗೆ ಹೋಗುತ್ತಿರುತ್ತದೆ. ಮತ್ತೆ ಹೈಪೋಕ್ಲೋರೈಟಿನಲ್ಲಿ ತೊಳೆದು, ಹೊಸ ಸುಣ್ಣ ಇಟ್ಟು, ಗಟ್ಟಿಯಾಗಿ ಮುಚ್ಚಿ ಕಳಿಸುತ್ತೇವೆ. ಅರ್ಧ ಗಂಟೆಯ ಕೆಲಸ.